ಸುನ್ನತಿಯ ಗುರುತೂ ಮರಳಿ ಬಂದವರ ವಿಶ್ವಾಸವೂ

ಮೈಸೂರಿನ ಕುಂಬಾರಕೊಪ್ಪಲಿನಿಂದ ಕೆಲವೇ ಹರದಾರಿ ದೂರದ ಶ್ರೀರಂಗಪಟ್ಟಣಕ್ಕೆ 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಸಾಗಿಸಿದನು. ಅವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಅನೇಕ ಪುರುಷರಿಗೆ ಬಲವಂತವಾಗಿ ಸುನ್ನತಿ ಮಾಡಿಸಲಾಯಿತು.

1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಫ್ರೆಂಚ್ ಗುರು ಅಬ್ಬೆ ದುಬಾಯ್ ಅಲ್ಲಿಗೆ ಬಂದು, ಉಳಿದವರನ್ನು ಸಭೆಗೆ ಮರಳಿ ಸೇರಿಸಿಕೊಳ್ಳುವ ಕಾರ್ಯವನ್ನು ಕೈಗೊಂಡರು. ದೇಹದ ಗುರುತನ್ನು ಅಳಿಸುವಂತಿರಲಿಲ್ಲ. ದೀಕ್ಷಾಸ್ನಾನವನ್ನು ಎರಡನೆಯ ಬಾರಿ ಕೊಡುವಂತೆಯೂ ಇರಲಿಲ್ಲ. ಪಶ್ಚಾತ್ತಾಪಪಟ್ಟು ಕ್ರಿಸ್ತನನ್ನು ನಂಬುವುದರ ಹೊರತು ಆ ಜನರು ತೋರಿಸಬಹುದಾದ ಬೇರೆ ಗುರುತು ಉಳಿದಿರಲಿಲ್ಲ.

ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ನಾವು ಸಾಮಾನ್ಯವಾಗಿ ಸುನ್ನತಿಯನ್ನು ನೆಚ್ಚಿದವರಿಗೆ ಕೊಟ್ಟ ಎಚ್ಚರಿಕೆಯೆಂದೇ ಬೋಧಿಸುತ್ತೇವೆ. ಸುನ್ನತಿಯಿಲ್ಲದಿರುವುದಕ್ಕೂ ಕ್ರಿಸ್ತನಲ್ಲಿ ಬೆಲೆಯಿಲ್ಲವೆಂದು ಪೌಲನು ಅದೇ ಉಸಿರಿನಲ್ಲಿ (5:6) ಹೇಳಿರುವುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಶ್ರೀರಂಗಪಟ್ಟಣದ ಸೆರೆಯಾಳುಗಳಿಗೆ ಬೇಕಾಗಿದ್ದ ಸುವಾರ್ತೆ ಆ ಮಾತಿನಲ್ಲಿತ್ತು.

1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ದುಬಾಯ್ ಇವರನ್ನು ಕುರಿತು ಕಟುವಾಗಿ ಬರೆದರು. ಯಾರೂ ಎದುರು ನಿಂತು ವಿಶ್ವಾಸವನ್ನು ಅರಿಕೆಮಾಡಲಿಲ್ಲವೆಂಬುದು ಅವರ ಕೊರಗು. ಈ ತೀರ್ಪನ್ನು ನಾವು ಒಪ್ಪಲಾರೆವು. ಧೈರ್ಯವನ್ನೇ ನಿಯಮವಾಗಿಸಿದರೆ ಮೂರು ಸಾರಿ ಅಲ್ಲಗಳೆದ ಪೇತ್ರನಿಗೂ ಸಭೆಯಲ್ಲಿ ಸ್ಥಳವಿರದು. ದುಬಾಯ್ ಅವರಾದರೂ ಬರೆಯುವಾಗ ಕಠಿಣರಾಗಿದ್ದರು. ಬಂದವರನ್ನು ಮಾತ್ರ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಿಲ್ಲ.