ಕಾಫಿ, ಚಹಾ ಮತ್ತು ಮನಸ್ಸಿನ ಸ್ವಾಸ್ಥ್ಯ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ವಯಸ್ಕರಿಗೆ ಮಾಹಿತಿ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಮಲೆನಾಡು ಪ್ರದೇಶಕ್ಕೆ ಸೇರಿದ್ದು, ಅಡಿಕೆ ಹಾಗೂ ಭತ್ತ ಇಲ್ಲಿನ ಪ್ರಮುಖ ಬೆಳೆಗಳಾಗಿರುತ್ತವೆ. ಕಾಫಿಯು ಪ್ರಧಾನವಾಗಿ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಬೆಳೆಯಾದರೂ ಈ ಭಾಗದ ಮನೆಗಳ ದಿನಚರಿ ಆರಂಭವಾಗುವುದು ಕಾಫಿ ಅಥವಾ ಚಹಾದಿಂದಲೇ. ಬಂದವರನ್ನು ಆಸರಿಗೆ ಕೊಡದೆ ಕಳುಹಿಸುವ ರೂಢಿ ಇಲ್ಲಿಲ್ಲ. ಈ ಪಾನೀಯಗಳಲ್ಲಿರುವ ಕೆಫೀನ್ ಎಂಬ ಅಂಶವು ಆರೋಗ್ಯವಂತ ವಯಸ್ಕರ ಮನಃಸ್ಥಿತಿಯ ಮೇಲೆ ಬೀರುವ ಪರಿಣಾಮಗಳನ್ನು ಇಲ್ಲಿ ವಿವರಿಸಲಾಗಿದೆ.

ಕೆಫೀನ್ ಕಾರ್ಯವಿಧಾನ

ಎಚ್ಚರವಾಗಿರುವಷ್ಟು ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗಿ ನಿದ್ರೆಯ ಒತ್ತಡವನ್ನು ಉಂಟುಮಾಡುತ್ತದೆ. ಅಡೆನೋಸಿನ್ ಸೇರಬೇಕಾದ ಜಾಗವನ್ನು ಕೆಫೀನ್ ಆಕ್ರಮಿಸಿಕೊಳ್ಳುವುದರಿಂದ ಆಯಾಸದ ಅರಿವು ಮರೆಯಾಗುತ್ತದೆ. ಆಯಾಸವು ಮಾತ್ರ ಹಾಗೆಯೇ ಉಳಿದಿರುತ್ತದೆ. ಕುಡಿದ 30ರಿಂದ 60 ನಿಮಿಷಗಳಲ್ಲಿ ರಕ್ತದಲ್ಲಿ ಇದರ ಪ್ರಮಾಣ ಗರಿಷ್ಠ ಮಟ್ಟ ತಲುಪುತ್ತದೆ. ಮಿತ ಪ್ರಮಾಣದಲ್ಲಿ ಗಮನ ಹಾಗೂ ಉತ್ಸಾಹ ಹೆಚ್ಚುತ್ತವೆ. ಪ್ರಮಾಣ ಮೀರಿದಲ್ಲಿ ಎದೆಬಡಿತ, ಕೈನಡುಕ, ತಳಮಳ ಮತ್ತು ಸಿಡುಕು ಕಾಣಿಸಿಕೊಳ್ಳುತ್ತವೆ.

ನಿತ್ಯ ಕುಡಿಯುವವರು ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಗಳಾದಾಗ ತಲೆನೋವು, ಜಡತೆ, ಬೇಸರ ಆರಂಭವಾಗಬಹುದು. ಬೆಳಗಿನ ಕಾಫಿಯಿಂದ ದೊರೆಯುವ ಹುರುಪಿನಲ್ಲಿ ಒಂದು ಪಾಲು ಈ ಕೊರತೆಯ ಶಮನವೇ ಆಗಿರುತ್ತದೆ. ಕಾಫಿಯನ್ನೂ ತ್ಯಜಿಸಿ ಉಪವಾಸ ಮಾಡುವವರಿಗೆ ಬರುವ ತಲೆನೋವಿಗೆ ಹಸಿವಿನ ಜೊತೆಗೆ ಇದೂ ಕಾರಣವಾಗಿರಬಹುದು.

ಅಡಿಕೆ ಸುಗ್ಗಿ ಮತ್ತು ರಾತ್ರಿಯ ಲೋಟ

ಮಳೆಗಾಲ ಮುಗಿದ ನಂತರ ಆರಂಭವಾಗುವ ಅಡಿಕೆ ಕೊಯ್ಲಿನ ದಿನಗಳಲ್ಲಿ ಈ ವಿಷಯ ಹೆಚ್ಚಿನ ಮಹತ್ವ ಪಡೆಯುತ್ತದೆ. ಕೊಯ್ದ ಹಸಿ ಅಡಿಕೆಯನ್ನು ಬಹಳ ದಿನ ಇಡಲಾಗದು. ಸುಲಿದು, ಬೇಯಿಸಿ, ಒಣಗಿಸಬೇಕು. ಹಗಲಿನ ಕೆಲಸ ಮುಗಿಸಿದವರೇ ರಾತ್ರಿ ಬಹುಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವುದು ವಾಡಿಕೆ. ಯಂತ್ರಗಳು ಬಂದ ಮೇಲೆ ಇದು ಕಡಿಮೆಯಾಗಿದ್ದರೂ ನಿಂತಿಲ್ಲ. ನಿದ್ದೆ ತಡೆಯಲೆಂದು ಆಗ ಕಾಫಿ, ಚಹಾ ಸರದಿಯಲ್ಲಿ ಬರುತ್ತವೆ.

ವಯಸ್ಕರ ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ 5 ಗಂಟೆ ಬೇಕು. ಕೆಲವರಲ್ಲಿ ಇನ್ನೂ ಹೆಚ್ಚು. ರಾತ್ರಿ 9ಕ್ಕೆ ಸೇವಿಸಿದ 100 ಮಿಲಿಗ್ರಾಂನಲ್ಲಿ ಸುಮಾರು 50 ಮಿಲಿಗ್ರಾಂ ನಸುಕಿನ 2 ಗಂಟೆಗೂ ಉಳಿದಿರುತ್ತದೆ. ಮಲಗುವ 6 ಗಂಟೆ ಮೊದಲು ಸೇವಿಸಿದ 400 ಮಿಲಿಗ್ರಾಂ ಕೆಫೀನ್ ನಿದ್ರೆಯನ್ನು ಒಂದು ಗಂಟೆಗೂ ಹೆಚ್ಚು ಕಡಿಮೆ ಮಾಡಿದ್ದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಕುಡಿದವರಿಗೆ ಇದು ತಿಳಿಯದೆಯೂ ಇರಬಹುದು. ನಿದ್ರೆಗೆಟ್ಟ ಮರುದಿನದ ಮಂಕು ಕಳೆಯಲು ಇನ್ನೊಂದು ಲೋಟ, ಆ ಲೋಟದಿಂದ ಮತ್ತೆ ನಿದ್ರಾಭಂಗ. ಹೀಗೆ ವಾರಗಟ್ಟಲೆ ನಡೆದಾಗ ಮನೆಮಂದಿಯ ಸಿಡುಕಿಗೆ ಕೆಲಸದ ಹೊರೆಯನ್ನೇ ದೂರಲಾಗುತ್ತದೆ. ಹರಿತವಾದ ಕತ್ತಿಯ ಮುಂದೆ ತೂಕಡಿಸುವವರಿಗೆ ಚಹಾ ಸಾಲದು, ಮಲಗಲು ಬಿಡುವುದೇ ಸರಿಯಾದ ಕ್ರಮ.

ಸುಲಿಯುವಾಗ ಕವಳ ಹಾಕುವವರಲ್ಲಿ ಎದೆಬಡಿತಕ್ಕೆ ಕಾಫಿಯೊಂದೇ ಕಾರಣವೆನ್ನಲಾಗದು. ಅಡಿಕೆಯಲ್ಲಿರುವ ಅರಿಕೊಲಿನ್ ಸಹ ನರಮಂಡಲವನ್ನು ಉದ್ದೀಪಿಸುತ್ತದೆ, ಹೊಗೆಸೊಪ್ಪಿನ ನಿಕೋಟಿನ್ ಸಹ.

ಪ್ರಮಾಣ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯಂತೆ ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದು. 150 ಮಿಲಿಲೀಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ರೋಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದ್ದು, ಚಿಕೋರಿಯಲ್ಲಿ ಇರುವುದಿಲ್ಲ. ಆದ್ದರಿಂದ ಬಣ್ಣ, ಕಹಿ ನೋಡಿ ಅಂದಾಜು ಮಾಡುವುದು ಸರಿಯಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಈ ಪಾನೀಯಗಳನ್ನು ಬಿಡುವಂತೆಯೂ ಮಾರ್ಗಸೂಚಿ ತಿಳಿಸುತ್ತದೆ. ಇವು ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತವೆ. ರಕ್ತಹೀನತೆಯಿಂದಲೂ ಸುಸ್ತು, ನಿರುತ್ಸಾಹ ಬರುತ್ತವೆಂಬುದನ್ನು ಮಹಿಳೆಯರು ಗಮನಿಸಬೇಕು.

ಕಡಿಮೆ ಮಾಡಬಯಸುವವರು ಒಮ್ಮೆಲೇ ನಿಲ್ಲಿಸದೆ ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತಾ ಬರುವುದು ಒಳ್ಳೆಯದು. ಸಂಜೆಯ ನಂತರದ ಆಸರಿಗೆ ಕಷಾಯವಾದರೆ ಅತಿಥಿ ಸತ್ಕಾರಕ್ಕೂ ಕುಂದಿಲ್ಲ. ಕೊತ್ತಂಬರಿ, ಜೀರಿಗೆ, ಮೆಣಸಿನಕಾಳು ಹುರಿದು ಪುಡಿ ಮಾಡಿ, ಬೆಲ್ಲ ಹಾಲಿನೊಂದಿಗೆ ಕುದಿಸುವ ಈ ಪೇಯದಲ್ಲಿ ಕೆಫೀನ್ ಇಲ್ಲ.

ಕಾಫಿ, ಚಹಾ ಇಳಿಸಿದ ಮೇಲೂ ಎರಡು ವಾರಕ್ಕೂ ಹೆಚ್ಚು ಕಾಲ ನಿದ್ರಾಹೀನತೆ, ಆತಂಕ ಅಥವಾ ಬೇಸರ ಮುಂದುವರಿದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಇಲ್ಲವೇ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಬಹುದಾಗಿದೆ.