ಚಲಾವಣೆಯ ನಾಣ್ಯಗಳಲ್ಲಿ ತಪ್ಪಚ್ಚು ಮತ್ತು ಅಚ್ಚುಭೇದ: ಗುರುತಿಸುವ ಬಗೆ

ಆರ್.ಎಚ್. ಕ್ಯಾಂಪ್ (ಸಿಂಧನೂರು): ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಕೊಡುವುದಾಗಿ ನಂಬಿಸಿ, ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಎಂದು ಮುಂಗಡ ಹಣ ಕೀಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಇಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಸ್ಪಷ್ಟಪಡಿಸಿತ್ತು. ಕೈಯಲ್ಲಿರುವ ನಾಣ್ಯ ಎಂಥದ್ದೆಂದು ತಿಳಿಯದಿರುವುದೇ ಇಂಥ ಮೋಸಕ್ಕೆ ಬಂಡವಾಳ.

ಈ ಸೀಮೆಯ ಹಳೆಯ ಪೆಟ್ಟಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಸರ್ಕಾರಗಳ ಚಿಲ್ಲರೆ ಸಿಗುವುದು ಸಹಜ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಇಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಂಡವರು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು. ಪಾಕಿಸ್ತಾನದ 1961ರ ದಶಮಾಂಶ ಪೈಸೆಯ ಮೇಲೆ ಉರ್ದುವಿನೊಂದಿಗೆ ಬಂಗಾಳಿ ಲಿಪಿಯೂ ಇದೆ. ಅಂಥದ್ದು ಕಂಡರೆ ಅದನ್ನು ತಪ್ಪಚ್ಚು ಎಂದು ಭಾವಿಸಬೇಕಾಗಿಲ್ಲ.

ಮೊದಲು ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಟಂಕಸಾಲೆಯೇ ತಿಳಿದು ಹೊರತಂದ ವ್ಯತ್ಯಾಸ ಅಚ್ಚುಭೇದ. ಟಂಕಸಾಲೆಯ ಕಣ್ತಪ್ಪಿನಿಂದ ಹೊರಬಿದ್ದದ್ದು ತಪ್ಪಚ್ಚು. ಹೊರಬಂದ ಮೇಲೆ ಸುತ್ತಿಗೆ, ಅರ, ಬೆಂಕಿ ಅಥವಾ ಆಮ್ಲದಿಂದ ಆದದ್ದು ಬರೀ ಹಾನಿ. ಸಂಗ್ರಾಹಕರ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ಜನರು ಮೋಸಹೋಗುವುದು ಬಹುತೇಕ ಮೂರನೆಯದನ್ನು ಎರಡನೆಯದೆಂದು ನಂಬಿ.

ಅಚ್ಚುಭೇದಕ್ಕೆ ನಿಜಾಮರ ರೂಪಾಯಿಯೇ ಒಳ್ಳೆಯ ಉದಾಹರಣೆ. ಚಾರ್‌ಮಿನಾರಿನ ಬಾಗಿಲಲ್ಲಿ ಅರಸನ ಹೆಸರಿನ ಮೊದಲ ಅಕ್ಷರ ಇರುತ್ತದೆ: ಮಹಬೂಬ್ ಅಲಿ ಖಾನರಿಗೆ 'ಮೀಮ್', 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರಿಗೆ 'ಐನ್'. ಈ ಐನ್‌ನಲ್ಲೂ ಮೊಟಕು ರೂಪ, ಪೂರ್ಣ ರೂಪ ಎಂಬ ಎರಡು ಬಗೆಗಳಿವೆ. ಬ್ರಿಟಿಷ್ ಭಾರತದ 1943ರಿಂದ 1947ರವರೆಗಿನ ತೂತಿನ ಪೈಸೆಯಲ್ಲಿ ಕಿರೀಟದ ಆಕಾರ ಬೇರೆ ಬೇರೆ, ಅದೂ ಭೇದವೇ. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ಕೊರೆದ ಆ ತೂತು ನಡುವೆ ಇರದೆ ಪಕ್ಕಕ್ಕೆ ಸರಿದಿದ್ದರೆ ಮಾತ್ರ ತಪ್ಪಚ್ಚು.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಒಂದು ಪೈಸೆ 1.5 ಗ್ರಾಂ ತೂಕದ ಕಂಚಿನ ಬಿಲ್ಲೆ. 1962ರ ಹೊತ್ತಿಗೆ ಅದು ನಿಕಲ್-ಹಿತ್ತಾಳೆಯಾಯಿತು, 1965ರಲ್ಲಿ ಅಲ್ಯೂಮಿನಿಯಂನ ಚೌಕವಾಯಿತು. ಐದು ರೂಪಾಯಿಯ ಕಥೆಯೂ ಹೀಗೆಯೇ. ತಾಮ್ರ-ನಿಕಲ್‌ನ ದಪ್ಪ ನಾಣ್ಯ 9 ಗ್ರಾಂ. 2007ರದು ಉಕ್ಕಿನದು, 2009ರದು ನಿಕಲ್-ಹಿತ್ತಾಳೆಯದು, ಎರಡೂ 6 ಗ್ರಾಂ. ಆದ್ದರಿಂದ 'ಬೇರೆ ಲೋಹದಲ್ಲಿ ಅಚ್ಚಾದ ಅಪರೂಪದ ನಾಣ್ಯ' ಎನ್ನುವ ಮುನ್ನ ಇಸವಿ ನೋಡಿ, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ಅಯಸ್ಕಾಂತ ಹಿಡಿಯಬೇಕು.

ಇಸವಿಯ ಕೆಳಗಿನ ಚಿಹ್ನೆಯನ್ನು ಅನೇಕರು ದೋಷವೆಂದು ತಿಳಿಯುತ್ತಾರೆ. ಅದು ಟಂಕಸಾಲೆಯ ಗುರುತು: ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೊಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಾಕ್ಕೆ ಗುರುತೇ ಇಲ್ಲ. 1985ರ ಕೆಲವು ಒಂದು ರೂಪಾಯಿಗಳ ಮೇಲಿನ 'ಎಚ್' ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು.

ಇನ್ನು ನಿಜವಾದ ತಪ್ಪಚ್ಚುಗಳು. ಬಿಲ್ಲೆ ಅಚ್ಚಿನ ನಡುವೆ ಕೂರದಿದ್ದರೆ ಚಿತ್ರ ಒಂದು ಬದಿಗೆ ಸರಿದು, ಇನ್ನೊಂದು ಬದಿ ಖಾಲಿ ಉಳಿಯುತ್ತದೆ. ಅಂಚು ಅರ್ಧಚಂದ್ರದಂತೆ ಕತ್ತರಿಸಿದ್ದರೆ ಅದರ ಎದುರು ದಿಕ್ಕಿನ ಅಂಚನ್ನು ನೋಡಬೇಕು: ಟಂಕಸಾಲೆಯ ಕಡಿತವಾದರೆ ಅಲ್ಲಿ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ, ಅರದಿಂದ ತೀಡಿದ್ದರೆ ಅಚ್ಚುಕಟ್ಟಾಗಿಯೇ ಉಳಿದಿರುತ್ತದೆ. ಇಂದಿನ ರೂಪಾಯಿ ನಾಣ್ಯವನ್ನು ನೆಟ್ಟಗೆ ಹಿಡಿದು ಪುಟ ತಿರುವಿದಂತೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೆ ಕಾಣಬೇಕು. ವಾಲಿದ್ದರೆ ಅಚ್ಚು ತಿರುಗಿದೆ ಎಂದರ್ಥ.

ಹೆಚ್ಚು ವಂಚನೆ ನಡೆಯಬಲ್ಲದ್ದು ಕನ್ನಡಿ ಅಚ್ಚಿನಲ್ಲಿ. ಅಚ್ಚಾದ ನಾಣ್ಯವೊಂದು ಹೊರಬೀಳದೆ ಅಚ್ಚಿಗೆ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಅದೇ ಚಿತ್ರ ಎಡಬಲ ತಿರುಗಿ, ಒಳಕ್ಕೆ ಇಳಿದು ಮೂಡುತ್ತದೆ. ಎರಡು ನಾಣ್ಯಗಳನ್ನು ಇಕ್ಕಳದಲ್ಲಿಟ್ಟು ಬಿಗಿದರೂ ಹೀಗೆ ಕಾಣುವುದುಂಟು. ಆದರೆ ಬಿಗಿದದ್ದರಲ್ಲಿ ಮೂಲ ಚಿತ್ರದ ಅವಶೇಷ ಕೆಳಗೆ ಉಳಿದಿರುತ್ತದೆ, ಹಿಂಬದಿ ಚಪ್ಪಟೆಯಾಗಿರುತ್ತದೆ. ಭೂತಗನ್ನಡಿ ಹಿಡಿದರೆ ಸಾಕು.

ಅಚ್ಚುಭೇದವನ್ನು ನಕಲಿಯೆಂದು ತಿರಸ್ಕರಿಸಿದ್ದಕ್ಕೆ ಹತ್ತು ರೂಪಾಯಿ ನಾಣ್ಯವೇ ಸಾಕ್ಷಿ. ಕಿರಣ ಹತ್ತೋ ಹದಿನೈದೋ, ರೂಪಾಯಿ ಚಿಹ್ನೆ ಇದೆಯೋ ಇಲ್ಲವೋ ಎಂದು ಅಂಗಡಿಗಳಲ್ಲಿ ಜಗಳವಾದದ್ದುಂಟು. ಚಿಹ್ನೆ ನಾಣ್ಯಗಳ ಮೇಲೆ ಬಂದದ್ದೇ 2011ರಲ್ಲಿ. ಅಲ್ಲಿಯವರೆಗೆ ಹೊರಬಂದ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ತಿಳಿಸಿತು. ಲಕ್ಷಾಂತರ ಬೆಲೆಯ ವದಂತಿಗೆ ಒಳಗಾದ ವೈಷ್ಣೋದೇವಿ ಚಿತ್ರದ 2012ರ ನಾಣ್ಯವೂ ಚಲಾವಣೆಗೆಂದೇ ಬಂದ ಸ್ಮರಣಾರ್ಥ ನಾಣ್ಯ. ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ಮಾತ್ರ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ.

ನಿಜವಾದ ತಪ್ಪಚ್ಚು ಸಿಕ್ಕಿದರೆ ತಾಮ್ರದ ಕೊಡದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ಹೊಳಪು ಬರುತ್ತದೆ, ಬೆಲೆ ಇಳಿಯುತ್ತದೆ. ತೂಕ, ಇಸವಿ, ಟಂಕಸಾಲೆಯ ಗುರುತುಗಳನ್ನು ಚೀಟಿಯಲ್ಲಿ ಬರೆದು, ನಾಣ್ಯದೊಂದಿಗೆ ಕಾಗದದ ಲಕೋಟೆಯಲ್ಲಿಡುವುದು ಕ್ಷೇಮ.