ಹೈ-ಶಿಯರ್ ಮಿಕ್ಸರ್

ಸುಲಭವಾಗಿ ಬೆರೆಯದ ದ್ರವಗಳನ್ನು, ಇಲ್ಲವೇ ದ್ರವ ಮತ್ತು ಪುಡಿಯನ್ನು, ಸೂಕ್ಷ್ಮ ಹನಿ-ಕಣಗಳಾಗಿ ಒಡೆದು ಏಕರೂಪಗೊಳಿಸುವ ಕೈಗಾರಿಕಾ ಯಂತ್ರ. ಮೇಯನೇಸ್, ಮುಖಕ್ಕೆ ಹಚ್ಚುವ ಕ್ರೀಮ್, ಮುಲಾಮು, ಬಣ್ಣ, ಶಾಯಿ, ಅಂಟುಗಳ ತಯಾರಿಕೆಯಲ್ಲಿ ಬಳಕೆಯಲ್ಲಿದೆ.

ತತ್ತ್ವ: ದ್ರವದ ಅಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಜಾರುವುದೇ ಶಿಯರ್. ಬರೀ ಅಲಗಿನಿಂದ ಕಲಕಿದಾಗ ದ್ರವದ ಬಹುಪಾಲು ಅಲಗಿನ ಜೊತೆಗೇ ಸುತ್ತುತ್ತದೆ; ಹನಿಗಳು ಜಾಗ ಬದಲಿಸುತ್ತವೆ, ಒಡೆಯುವುದು ಕಡಿಮೆ. ವೇಗವಾಗಿ ತಿರುಗುವ ರೋಟರಿನ ಸುತ್ತ ರಂಧ್ರಗಳಿರುವ ಸ್ಥಿರ ಉಂಗುರವನ್ನು, ಅಂದರೆ ಸ್ಟೇಟರನ್ನು, ಕೂರಿಸಿದರೆ ಸ್ಥಿತಿ ಬದಲಾಗುತ್ತದೆ. 10 ಸೆಂ.ಮೀ. ವ್ಯಾಸದ ರೋಟರ್ ನಿಮಿಷಕ್ಕೆ 3,000 ಸುತ್ತು ತಿರುಗಿದಾಗ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 15.7 ಮೀಟರ್. ಸ್ಟೇಟರಿನ ಗೋಡೆಯಲ್ಲಿ ವೇಗ ಸೊನ್ನೆ. ನಡುವಣ ಸಂದು ಅರ್ಧ ಮಿ.ಮೀ. ಇದ್ದರೆ ಶಿಯರ್ ದರ ಸೆಕೆಂಡಿಗೆ 31,000ವನ್ನು ದಾಟುತ್ತದೆ. ಯಂತ್ರದ ಶಕ್ತಿಯೆಲ್ಲ ಈ ಕಿರಿದಾದ ಸಂದಿನಲ್ಲಿದೆ.

ಕಾರ್ಯವಿಧಾನ: ರೋಟರ್ ದ್ರವವನ್ನು ಒಳಗೆಳೆದುಕೊಂಡು ಅಂಚಿಗೆ ಚಿಮ್ಮಿಸುತ್ತದೆ. ಸಂದಿನಲ್ಲಿ ಹಿಗ್ಗಿ ಎಳೆಯಾದ ಹನಿಗಳು ತುಂಡಾಗುತ್ತವೆ. ರಂಧ್ರಗಳಿಂದ ರಭಸವಾಗಿ ಹೊರಬೀಳುವಾಗ ಉಂಟಾಗುವ ಪ್ರಕ್ಷುಬ್ಧತೆ ಅವನ್ನು ಮತ್ತಷ್ಟು ಒಡೆಯುತ್ತದೆ. ಗೋಂದಿನಂಥ ಪುಡಿಗಳು ನೀರಿಗೆ ಬಿದ್ದಾಗ ಕಟ್ಟುವ ಗಂಟುಗಳೂ ಇಲ್ಲಿಯೇ ಕರಗುತ್ತವೆ. ಬ್ಯಾಚ್ ಮಾದರಿಯಲ್ಲಿ ತೊಟ್ಟಿಯಲ್ಲಿರುವ ದ್ರವ ಮತ್ತೆ ಮತ್ತೆ ಈ ರೋಟರ್-ಸ್ಟೇಟರ್ ಜೋಡಿಯ ಮೂಲಕ ಹಾಯುತ್ತದೆ. ಇನ್‌ಲೈನ್ ಮಾದರಿಯನ್ನು ಕೊಳವೆಯ ಸಾಲಿನಲ್ಲೇ ಜೋಡಿಸಿರುತ್ತಾರೆ.

ಒಡೆದ ಹನಿಗಳು ಮತ್ತೆ ಒಂದುಗೂಡದಂತೆ ಕಾಯುವುದು ಎಮಲ್ಸಿಫೈಯರ್. ಮೇಯನೇಸಿನಲ್ಲಿ ಮೊಟ್ಟೆಯ ಹಳದಿಯ ಲೆಸಿಥಿನ್ ಮತ್ತು ಪ್ರೋಟೀನುಗಳು ಈ ಕೆಲಸ ಮಾಡುತ್ತವೆ.

ಮಿತಿಗಳು: ಹನಿಗಳನ್ನು ಕೆಲವು ಮೈಕ್ರಾನುಗಳಷ್ಟು ಕಿರಿದಾಗಿಸುವುದು ಸುಲಭ. ಹಾಲಿನ ಕೊಬ್ಬನ್ನು ಮೈಕ್ರಾನಿಗಿಂತ ಸಣ್ಣದಾಗಿ ಒಡೆಯಲು ಅಧಿಕ ಒತ್ತಡದ ಹೋಮೋಜನೈಸರ್ ಬೇಕು; ಫ್ರಾನ್ಸಿನ ಒಗುಸ್ತ್ ಗೋಲ್ಯಾಂ 1899ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ರೋಟರಿನ ವೇಗ ಇಮ್ಮಡಿಯಾದರೆ ಪ್ರಕ್ಷುಬ್ಧ ಹರಿವಿನಲ್ಲಿ ವಿದ್ಯುತ್ ಬಳಕೆ ಸುಮಾರು ಎಂಟು ಪಟ್ಟಾಗುತ್ತದೆ. ಆ ಶಕ್ತಿ ಬಹುತೇಕ ಶಾಖವಾಗುವುದರಿಂದ ತೊಟ್ಟಿಯ ಸುತ್ತ ತಣ್ಣೀರಿನ ಹೊದಿಕೆ ಅಗತ್ಯ. ಅತಿಯಾದ ಶಿಯರ್ ಉದ್ದ ಸರಪಳಿಯ ಪಾಲಿಮರ್ ಅಣುಗಳನ್ನು ಕಡಿದು ಉತ್ಪನ್ನವನ್ನು ತೆಳುವಾಗಿಸಬಹುದು. ದ್ರವದೊಳಗೆ ಗಾಳಿ ಸೇರಬಾರದ ಕಡೆ ನಿರ್ವಾತದಲ್ಲಿ ಬೆರೆಸುತ್ತಾರೆ.

ಪ್ರಯೋಗಾಲಯದ ಸೂತ್ರವನ್ನು ಕಾರ್ಖಾನೆಗೆ ಒಯ್ಯುವಾಗ ಸುತ್ತುಗಳ ಸಂಖ್ಯೆಗಿಂತ ಅಂಚಿನ ವೇಗ ಮತ್ತು ಸಂದಿನ ಅಳತೆಯನ್ನು ಸಮನಾಗಿಡುವುದು ರೂಢಿ. ವ್ಯಾಸ ಇಮ್ಮಡಿಯಾದರೆ ಸುತ್ತುಗಳನ್ನು ಅರ್ಧಕ್ಕಿಳಿಸುತ್ತಾರೆ.